ನನ್ನ ಹೋಟೆಲಿಗೆ ಅಪ್ಪ ತರುತ್ತಿದ್ದ ಬುತ್ತಿ

ನನ್ನ ಹೋಟೆಲಿಗೆ ಊಟ ಕಟ್ಟಿಕೊಂಡು ಬರುತ್ತಿದ್ದವನು ಒಬ್ಬನೇ. ನಮ್ಮಪ್ಪ.

ಬೀಜ, ಗೊಬ್ಬರ, ಬ್ಯಾಂಕು ಅಂತ ಅಪ್ಪ ತಿಂಗಳಿಗೊಮ್ಮೆಯಾದರೂ ಹಚ್ಚೊಳ್ಳಿಯಿಂದ ಬಸ್ಸು ಹತ್ತಿ ಬಳ್ಳಾರಿಗೆ ಬರುತ್ತಾನೆ. ಕೆಲಸ ಮುಗಿಸಿ ಮಟಮಟ ಮಧ್ಯಾಹ್ನ ಗಾಂಧಿನಗರದ ನನ್ನ ಹೋಟೆಲಿಗೆ ಬಂದು, ಬಾಗಿಲ ಪಕ್ಕದ ಮೂಲೆ ಟೇಬಲ್ಲಿನಲ್ಲಿ ಕೂತು, ಟವೆಲಿನ ಗಂಟು ಬಿಚ್ಚುತ್ತಿದ್ದ. ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಸುತ್ತಲಿನ ಜನ ನಾನು ಮಾಡಿದ ರೊಟ್ಟಿ, ನಾನು ಮಾಡಿದ ಪುಂಡಿಪಲ್ಯವನ್ನು ಚಪ್ಪರಿಸಿ ತಿನ್ನುತ್ತಿರುವಾಗ, ಹಡೆದ ಅಪ್ಪ ತನ್ನ ಬುತ್ತಿ ತಿಂದು, ನನ್ನ ಕೊಡದಲ್ಲಿನ ನೀರು ಕುಡಿದು, ಮೀಸೆ ಒರೆಸಿಕೊಂಡು ಎದ್ದು ಹೋಗುತ್ತಿದ್ದ.

ಒಮ್ಮೆ ನನಗೆ ತಡೆಯಲಾಗಲಿಲ್ಲ. "ನೀರರ ಯಾಕ ಕುಡೀತಿ? ಅದನ್ನೂ ಊರಿಂದ ಹೊತ್ಕೊಂಡು ಬರಬೇಕಿತ್ತು" ಅಂದೆ.

"ನೀರು ನೀ ಮಾರಾಂಗಿಲ್ಲಲ್ಲವ್ವ" ಅಂದ ಅಪ್ಪ, ಒಂದಿಷ್ಟೂ ಸಿಟ್ಟಿಲ್ಲದೆ.

ಅವನ ಲೆಕ್ಕ ಇಷ್ಟೇ. ಭತ್ತ ಮಾರಬಹುದು, ಅಕ್ಕಿಯನ್ನೂ ಮಾರಬಹುದು, ಬೇಯಿಸಿದ ಅನ್ನ ಮಾರಬಾರದು. ಹಸಿದು ಬಂದವನಿಗೆ ಬಡಿಸಿ ರೊಕ್ಕಕ್ಕೆ ಕೈಚಾಚುವುದು ಅವನ ಕಣ್ಣಿಗೆ ಪಾಪ. ಹಲಕುಂದಿಗೆ ಹೋದರೆ ಮಠದ ಪಂಕ್ತಿಯಲ್ಲಿ ಹೊಟ್ಟೆತುಂಬ ಉಣ್ಣುತ್ತಾನೆ. ಅಲ್ಲೂ ಮೊದಲು ಕೂರುವವನಲ್ಲ. ಅನ್ನದ ಬುಟ್ಟಿ ಹಿಡಿದು ಎಲ್ಲರಿಗೂ ಬಡಿಸಿ, ಕಡೆಯ ಪಂಕ್ತಿಗೆ ಕೂರುತ್ತಾನೆ. ಬಡಿಸಿದವನು ಉಣ್ಣದೆ ಹೋಗಬಾರದು, ಹೋದರೆ ಉಂಡವರಿಗೆ ಅನ್ನ ದಕ್ಕುವುದಿಲ್ಲ ಅನ್ನುವುದು ಅವನದೇ ಮಾತು. ನಮ್ಮೂರಿನ ಯಾವ ಮದುವೆಯಲ್ಲೂ ಅನ್ನ ಬಡಿಸುವ ಕೆಲಸ ಅಪ್ಪನನ್ನು ಬಿಟ್ಟು ಇನ್ನೊಬ್ಬರಿಗೆ ಹೋದದ್ದನ್ನು ನಾನು ನೋಡಿಲ್ಲ.

ಅಂಥವನ ಮಗಳು ನಾನು ಹೋಟೆಲು ಇಟ್ಟೆ. ಮದುವೆಯಾಗಿ ಕುರುಗೋಡಿಗೆ ಬಂದಾಗ ನನಗೆ ಬರುತ್ತಿದ್ದ ವಿದ್ಯೆ ಒಂದೇ, ರೊಟ್ಟಿ ಬಡಿಯುವುದು. ಮನೆಯವರು ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ನಾನು ಮೊದಲ ಬಸ್ಸು ಹಿಡಿದು ಬಳ್ಳಾರಿಯ ಒಂದು ಖಾನಾವಳಿಗೆ ರೊಟ್ಟಿ ಬಡಿಯಲು ಹೋಗುತ್ತಿದ್ದೆ. ಅಲ್ಲಿನ ದೊಡ್ಡ ಅಡುಗೆಯಾಕೆ ಆಂಧ್ರದ ಕಡೆಯವಳು. ಎಣಗಾಯಿಯ ಉಳ್ಳಾಗಡ್ಡಿ ಕೆಂಪಾಗುವ ಮೊದಲೇ ನಾನು ಸೌಟು ಆಡಿಸಿದರೆ ಸಾಕು, "ತೊಂದರಪಡಾಕಮ್ಮಾ" ಎಂದು ಕೈಮೇಲೆ ಹೊಡೆಯುತ್ತಿದ್ದಳು. ಆತುರಪಡಬೇಡ ಅಂತ. ನನ್ನ ಸ್ವಭಾವವೇ ಆತುರ. ಆದರೂ ಆಕೆಯ ಹೊಡೆತ ತಿನ್ನುತ್ತಲೇ ಅಡುಗೆ ಕಲಿತೆ. ಕಲಿತ ಮೇಲೆ ಇನ್ನೊಬ್ಬರ ಒಲೆಯ ಮುಂದೆ ನಿಲ್ಲುವುದು ಯಾಕೆ ಅನ್ನಿಸಿತು. ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ ಒಂದು ಖಾಲಿ ಅಂಗಡಿ ಬಾಡಿಗೆಗೆ ಸಿಕ್ಕಿತು. ಎಷ್ಟು ಗುಡಿಸಿದರೂ ಮೂಲೆಗಳಿಂದ ನೀಲಿ ನೂಲು ಬರುತ್ತಲೇ ಇತ್ತು. ಬರಲಿ ಎಂದು ಒಲೆ ಹೂಡಿದೆ.

ಮೊದಲ ದಿನವೇ ಎಡವಿದೆ. ಭತ್ತ ಬೆಳೆಯುವವರಿಗೆ ಹೊಸ ಅಕ್ಕಿಯೆಂದರೆ ಹಬ್ಬ. ದೇವರಿಗೆ ಎಡೆ ಹಿಡಿಯದೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ನನ್ನ ಹೋಟೆಲಿನ ಮೊದಲ ಅನ್ನವೂ ಅದರದೇ ಆಗಲಿ ಎಂದು ಸಿರುಗುಪ್ಪದ ಮಿಲ್ಲಿನಿಂದ ಆಗಷ್ಟೇ ಬಂದ ಅಕ್ಕಿ ತರಿಸಿ ದೊಡ್ಡ ಪಾತ್ರೆಗೆ ಸುರಿದೆ. ಮನೆಯ ಸಣ್ಣ ಗಡಿಗೆಯಲ್ಲಿ ಬೆಣ್ಣೆಯಂತೆ ಬೇಯುವ ಅಕ್ಕಿ ಅಲ್ಲಿ ಮುದ್ದೆಯಾಗಿ ಕೂತಿತು. ಒಬ್ಬ ಗಿರಾಕಿ ತಾಟನ್ನು ಬೋರಲು ಹಿಡಿದು ತೋರಿಸಿ, "ಅಕ್ಕಾ, ನಿಮ್ಮ ಅನ್ನ ಬೀಳವಲ್ದು ನೋಡ್ರಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಈ ಸುದ್ದಿ ಅವ್ವನ ಮೂಲಕ ಹಚ್ಚೊಳ್ಳಿ ಮುಟ್ಟಿತು. "ಹೊಸ ಅಕ್ಕಿ ಮನೀಗೆ, ಹಳೇ ಅಕ್ಕಿ ಮಂದೀಗೆ. ಇಷ್ಟೂ ತಿಳೀದಾಕಿ ಹೋಟ್ಲ ಮಾಡತಾಳಂತ" ಎಂದನಂತೆ ಅಪ್ಪ. ನನಗೆ ಸಿಟ್ಟು ನೆತ್ತಿಗೇರಿದರೂ ಆ ಮಾತನ್ನು ಮರೆಯಲಿಲ್ಲ. ಅಂದಿನಿಂದ ಇವತ್ತಿನವರೆಗೆ ವರ್ಷ ತುಂಬದ ಅಕ್ಕಿ ನನ್ನ ಅಡುಗೆಮನೆಯ ಹೊಸ್ತಿಲು ದಾಟಿಲ್ಲ.

ಆ ಅಕ್ಕಿಯನ್ನು ಅಪ್ಪನಿಂದಲೇ ಕೊಳ್ಳಬೇಕೆಂದು ಆಸೆಯಿತ್ತು. ಕೇಳಿದೆ. "ಮಗಳಿಗೆ ಮಾರಿದರ ಊರು ನಗತೈತಿ" ಅಂದ. ಹಾಗಾದರೆ ಪುಕ್ಕಟೆ ಕೊಡು ಅಂದೆ. "ಕೊಟ್ಟರ ನೀ ಮಾರತಿ" ಅಂದ. ಹಿಂದೆ ಹೋದರೆ ಒದೆಯುತ್ತದೆ, ಮುಂದೆ ಬಂದರೆ ಹಾಯುತ್ತದೆ ಅನ್ನುವ ಎಮ್ಮೆಯ ಹಾಗೆ. ನಾನು ಮಿಲ್ಲಿನಿಂದಲೇ ತರಿಸುತ್ತ ಹೋದೆ.

ಹೋಟೆಲು ನಿಂತಿತು. ಜೀನ್ಸ್ ಹೊಲಿಯುವವರು, ಕಚೇರಿಯವರು, ಸಿರುಗುಪ್ಪದ ಬಸ್ಸಿಳಿದು ಹುಡುಕಿಕೊಂಡು ಬರುವವರು, ಮಧ್ಯಾಹ್ನ ಆರೂ ಟೇಬಲ್ಲು ತುಂಬುತ್ತಿದ್ದವು. ಮನೆಯವರು ಟ್ರ್ಯಾಕ್ಟರ್ ಬಿಟ್ಟು ಬಡಿಸಲು ನಿಂತರು. ಇಷ್ಟಾದರೂ ಬಾಗಿಲ ಪಕ್ಕದ ಮೂಲೆಯಲ್ಲಿ ಆ ಬುತ್ತಿಯ ಗಂಟು ಬಿಚ್ಚಿದಾಗಲೆಲ್ಲ ನಾನು ಅತ್ತ ನೋಡಲಾರದೆ ಒಲೆಯ ಕಡೆ ತಿರುಗುತ್ತಿದ್ದೆ. ಊರೆಲ್ಲ ಉಂಡರೇನು, ನನಗೆ ಮೊದಲ ತುತ್ತು ತಿನ್ನಿಸಿದ ಕೈ ನನ್ನ ತಾಟಿಗೆ ಬೀಳುತ್ತಿಲ್ಲ. ಅಪ್ಪ ಇಲ್ಲಿ ಉಣ್ಣುವವರೆಗೆ ಬಿಡುವವಳಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದೆ. ಅವನ ಟೇಬಲ್ಲಿನ ಮೇಲೆ ಪ್ರತಿ ಸಲವೂ ಒಂದು ಖಾಲಿ ತಾಟು ಇಡುತ್ತಿದ್ದೆ. ಅವನು ಪ್ರತಿ ಸಲವೂ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಒಂದು ದಿನ ಮನೆಯವರು ಅಕ್ಕಿ ತರಲು ಸಿರುಗುಪ್ಪಕ್ಕೆ ಹೋಗಿದ್ದರು. ದಾರಿಯಲ್ಲಿ ಗಾಡಿ ಕೆಟ್ಟು ನಿಂತಿದೆ ಎಂದು ಫೋನು ಬಂತು. ನನ್ನ ಜೊತೆ ರೊಟ್ಟಿ ಬಡಿಯುವ ಕೆಲಸದಾಕೆ ಹಂಚು ಬಿಟ್ಟು ಏಳುವಂತಿಲ್ಲ. ಅಪ್ಪ ಮೂಲೆಯಲ್ಲಿ ಆಗಷ್ಟೇ ಬಂದು ಕೂತಿದ್ದ. ಆ ಹೊತ್ತಿಗೇ ಕುರುಗೋಡಿನಿಂದ ಕಚೇರಿ ಕೆಲಸಕ್ಕೆ ಬಂದವರು ಒಂದು ಕ್ರೂಸರ್ ಗಾಡಿ ತುಂಬ ಇಳಿದರು. "ನಮ್ಮೂರ ಸೊಸಿ ಹೋಟ್ಲು" ಎಂದು ಹೆಮ್ಮೆಯಿಂದಲೇ ಕೂತರು. ಅವರಲ್ಲೊಬ್ಬ ಹಿರಿಯರು ಮೂಲೆಯ ಕಡೆ ನೋಡಿ, "ಯಾರವ್ವ ಅವರು, ಹೋಟ್ಲಕ್ಕ ಬುತ್ತಿ ತಂದಾರಲ್ಲ?" ಅಂದರು.

"ನಮ್ಮಪ್ಪ" ಅಂದೆ.

ಹಿರಿಯರು ಮುರಿದ ರೊಟ್ಟಿಯನ್ನು ಬಾಯಿಗಿಡದೆ ಹಾಗೇ ಹಿಡಿದುಕೊಂಡರು. "ಹಡೆದ ಅಪ್ಪನ ಇಲ್ಲಿ ಉಣ್ಣಾಂಗಿಲ್ಲಂದ್ರ..." ಎಂದು ಮಾತು ಅಲ್ಲಿಗೇ ಬಿಟ್ಟರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಪ್ಪನಿಗೂ ಕೇಳಿಸಿತು. ಗಂಟಿನ ಮೇಲಿದ್ದ ಅವನ ಕೈ ನಿಂತಿತು.

ನಾನು ಒಬ್ಬಳೇ ರೊಟ್ಟಿ ಕೊಡಲೋ, ಬ್ಯಾಳಿಸಾರು ಹಾಕಲೋ, ಒಲೆ ನೋಡಲೋ ತಿಳಿಯದೆ ಓಡಾಡುತ್ತಿದ್ದೆ. ಇಬ್ಬರು ಮೂವರು ತಾಟು ಖಾಲಿ ಮಾಡಿಕೊಂಡು ಕಾಯುತ್ತಿದ್ದರು. ಅಪ್ಪ ನೋಡುವಷ್ಟು ನೋಡಿದ. ಮಂದಿ ಖಾಲಿ ತಾಟಿನ ಮುಂದೆ ಕೂತಿರುವುದನ್ನು ಸಹಿಸುವುದು ಅವನ ಹಣೆಯಲ್ಲಿ ಬರೆದಿಲ್ಲ. ಎದ್ದು ಕೈ ತೊಳೆದು, ಧೋತರ ಮೇಲೆತ್ತಿ ಕಟ್ಟಿ, ನನ್ನ ಕೈಯಿಂದ ಅನ್ನದ ಪಾತ್ರೆ ಕಿತ್ತುಕೊಂಡ.

"ಸರಿ ಅತ್ತಾಗ. ಬಡಿಸೋ ಕೈ ಹಿಂಗ ತಡಬಡಿಸಬಾರದು."

ಆಮೇಲೆ ನೋಡಬೇಕಿತ್ತು. ಯಾರ ತಾಟೂ ಬರಿದಾಗಲು ಬಿಡಲಿಲ್ಲ. ಬ್ಯಾಡ ಅಂದವರ ಅಡ್ಡಗೈಯನ್ನು ಸರಿಸಿ ಹಾಕಿದ. "ನಾಚಬ್ಯಾಡ್ರಿ, ಇನ್ನಷ್ಟು ಹಾಕ್ಕೊಳ್ರಿ" ಎಂದು ಆ ಹಿರಿಯರ ತಾಟಿಗೆ ಗುಡ್ಡೆ ಹಾಕಿದ. ಅವರು "ಸಾಕ್ರಿ ಯಜಮಾನ್ರ, ಸಾಕು" ಎನ್ನುತ್ತಲೇ ಎಲ್ಲ ಉಂಡರು. ಎರಡು ಪಂಕ್ತಿಯ ಅನ್ನ ಒಂದೇ ಪಂಕ್ತಿಗೆ ಮುಗಿಯಿತು. ಅವರು ರೊಕ್ಕ ಕೊಡುವಾಗ ಮಾತ್ರ ಅಪ್ಪ ಬೀದಿಯ ಕಡೆ ಮುಖ ತಿರುಗಿಸಿ ನಿಂತ.

ಅವರು ಹೋದ ಮೇಲೆ ಅಪ್ಪ ಮೂಲೆಗೆ ಹೋಗಿ ಗಂಟಿಗೆ ಕೈ ಹಾಕಿದ. ನಾನು ಅದರ ಮೇಲೆ ನನ್ನ ಕೈ ಇಟ್ಟೆ.

"ಬಡಿಸಿದಾವ ಉಣ್ಣದ ಹೋಗಬಾರದು. ಇದು ನಂದಲ್ಲ, ನಿಂದ ಮಾತು."

"ಅದು ಪಂಕ್ತಿ ಮಾತವ್ವ."

"ನೀ ಈಗ ಬಡಿಸಿದ್ದು ಏನು ಮತ್ತ? ಅಷ್ಟು ಮಂದಿ ಉಂಡು ಹೋದ್ರು. ಅವರಿಗೆ ಅನ್ನ ದಕ್ಕಬೇಕೋ ಬ್ಯಾಡೋ?"

ಅಪ್ಪ ನನ್ನನ್ನೂ ಟೇಬಲ್ಲಿನ ತಾಟನ್ನೂ ನೋಡಿದ. ಕಡೆಗೆ ಕುರ್ಚಿ ಎಳೆದುಕೊಂಡು ಕೂತು, ನಾನಿಟ್ಟಿದ್ದ ಖಾಲಿ ತಾಟನ್ನು ತನ್ನ ಮುಂದಕ್ಕೆ ಸರಿಸಿಕೊಂಡ.

ಪಾತ್ರೆಯಲ್ಲಿ ಉಳಿದದ್ದು ತಳ ಹಿಡಿದ ಅನ್ನ. ಒಂದು ಚೂರು ತಡಿ, ಬಿಸಿ ಅನ್ನ ಮಾಡುತ್ತೇನೆ ಅಂದೆ. "ಇದ್ದದ್ದ ಹಾಕು. ಕಡೀ ಪಂಕ್ತಿಗೆ ತಳದ ಅನ್ನನ ಬರೋದು" ಅಂದ. ಬ್ಯಾಳಿ ಕಲಸಿ ಒಂದು ತುತ್ತು ತಿಂದ. ಇನ್ನೊಂದು ತಿಂದ. ಒಂದು ಅಗುಳನ್ನು ಬೆರಳಲ್ಲಿ ಒತ್ತಿ ನೋಡಿದ.

"ಹಳೇ ಅಕ್ಕಿ."

"ಹೂಂ. ವರ್ಷ ತುಂಬೇತಿ."

"ಮಂದೀಗೆ ಛಲೋ ಆತು" ಅಂದ.

ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋಗಿ ಅತ್ತೆ. ಸಂತೋಷಕ್ಕೇ ಅತ್ತೆ, ಇಷ್ಟು ವರ್ಷ ಕಾಯಿಸಿದನಲ್ಲ ಎಂಬ ಸಿಟ್ಟೂ ಸ್ವಲ್ಪ ಇತ್ತು. ಹೋಗುವಾಗ ಅಪ್ಪ ಆ ಬುತ್ತಿಯನ್ನು ನನ್ನ ಕೈಗೆ ಕೊಟ್ಟ. ಸಂಜೆ ಒಲೆ ಆರಿಸಿದ ಮೇಲೆ ಅವ್ವನ ರೊಟ್ಟಿಯನ್ನು ಒಬ್ಬಳೇ ಕೂತು ತಿಂದೆ. ಅನ್ನ ಮಾರುವುದು ಸರಿ ಎಂದು ಅಪ್ಪ ಒಪ್ಪಿದನೆಂದು ನಾನೇನೂ ತಿಳಿದುಕೊಳ್ಳಲಿಲ್ಲ. ಅವನು ಒಪ್ಪುವವನೂ ಅಲ್ಲ. ಮುಂದಿನ ಸಲ ಮತ್ತೆ ಗಂಟು ಬಿಚ್ಚುತ್ತಾನೆ, ನಾನು ಮತ್ತೆ ತಾಟು ಇಡುತ್ತೇನೆ ಎಂದೇ ಸಿದ್ಧಳಾಗಿದ್ದೆ.

ಮುಂದಿನ ತಿಂಗಳು ಒಂದು ಬೆಳಿಗ್ಗೆ, ಅಕ್ಕಿ ತೊಳೆಯಲು ಕೂತಿದ್ದಾಗ ಅವ್ವನ ಫೋನು ಬಂತು.

"ನಿಮ್ಮಪ್ಪ ಈಗ ಬಸ್ಸು ಹತ್ತಿದ ನೋಡವ್ವ. ರೊಟ್ಟಿ ಕಟ್ಟತೀನಂದ್ರ ಬ್ಯಾಡಂದ. ಮತ್ತ ಎಲ್ಲಿ ಉಣ್ತಿ ಅಂದ್ರ, ಅಲ್ಲಿ ಬಡಿಸೋ ಕೆಲಸ ಐತಿ ಅಂತಾನ. ಏನದು?"

ಏನೋ ಒಂದು ಹೇಳಿ ಫೋನು ಇಟ್ಟೆ. ಎದ್ದು ಹೋಗಿ ಚೀಲದಿಂದ ಇನ್ನಷ್ಟು ಅಕ್ಕಿ ತಂದು ತೊಳೆಯಲು ಹಾಕಿದೆ. ಅಪ್ಪ ಬಡಿಸಲು ನಿಂತರೆ ನನ್ನ ದಿನದ ಅಳತೆ ಸಾಲುವುದಿಲ್ಲ.