ಬದುಕಿದ್ದವನ ಕೌದಿ

ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿನ ಬೇವಿನ ಮರದ ಕೆಳಗೆ ದುರಗಮ್ಮ ಕೌದಿ ಹೊಲೆಯಲು ಕೂತು ವರ್ಷಗಳೇ ಆದವು. ಹಳೆ ಸೀರೆ, ಹರಿದ ಧೋತರ, ಬಣ್ಣ ಹೋದ ಲುಂಗಿ, ಯಾರು ಏನು ತಂದು ಹಾಕಿದರೂ ಅವಳ ಸೂಜಿ ಬೇಡ ಎನ್ನುವುದಿಲ್ಲ. ನೆಲದ ಮೇಲೆ ಪದರ ಪದರವಾಗಿ ಹಾಸಿ, ಅದರ ಮೇಲೆಯೇ ಕುಳಿತು, ಅಂಚಿನಿಂದ ನಡುವಿಗೆ ದಾರ ಎಳೆಯುತ್ತ ಬರುತ್ತಾಳೆ. ಕೊನೆಯ ಹೊಲಿಗೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ ಒಳಗಿಡುತ್ತಾಳೆ. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಬಾಯಿಯೂ ಸೂಜಿಯಷ್ಟೇ ಚುರುಕು. ಹೊಲಿಗೆ ದೊಡ್ಡದಾಯಿತು ಎಂದು ಯಾರಾದರೂ ಮೂಗು ಮುರಿದರೆ, ಹಾಗಾದರೆ ಇರುವೆಯ ಕೈಲಿ ಹೊಲಿಸಿಕೊಳ್ಳಿ ಎಂದುಬಿಡುತ್ತಾಳೆ.

ಅವಳ ತವರು ಕುಕನೂರಿನ ಕಡೆ. ಗಂಡ ದ್ಯಾವಪ್ಪ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವನು ಮೇಲಿನಿಂದ ಬಿದ್ದು ಸತ್ತ. ಗಂಡನ ಅಣ್ಣತಮ್ಮಂದಿರು ದಿನಕರ್ಮ ಮುಗಿಯುವುದನ್ನೇ ಕಾಯುತ್ತಿದ್ದರೇನೋ, ಹೆಣ್ಣು ಕೂಸಿನ ಜೊತೆ ಅವಳನ್ನು ಮನೆಯಿಂದ ಹೊರಗೆ ಹಾಕಿದರು. ಆ ಚಳಿಗಾಲವಿಡೀ ಅವಳು ಮಲಗಿದ್ದು ಇದೇ ಬಸ್ ನಿಲ್ದಾಣದ ಕಟ್ಟೆಯ ಮೇಲೆ. ಆಗ ಮುದುಕಪ್ಪ ಅಲ್ಲಿ ಹಮಾಲಿ. ಹೆಸರು ಮುದುಕಪ್ಪನಾದರೂ ಜೋಳದ ಚೀಲವನ್ನು ಬಸ್ಸಿನ ನೆತ್ತಿಗೆ ಏರಿಸುವಷ್ಟು ಗಟ್ಟಿ ಆಳು. ಅವನು ತಾಯಿ ಮಗಳಿಗೆ ಗಾಳಿ ಬಡಿಯದಂತೆ ತಾಡಪತ್ರಿ ಕಟ್ಟಿಕೊಟ್ಟ, ಕುಡಿದು ಬಂದವರನ್ನು ಅತ್ತ ಸುಳಿಯಗೊಡಲಿಲ್ಲ, ತಾನೂ ಒಂದು ಅಡ್ಡ ಮಾತು ಆಡಲಿಲ್ಲ. ಗಂಡನ ಒಡಹುಟ್ಟಿದವರು ಮಾಡದ್ದನ್ನು ಹಮಾಲಿ ಮಾಡಿದ.

ಮಗಳು ಬೆಳೆದು ಯಲಬುರ್ಗಾಕ್ಕೆ ಮದುವೆಯಾಗಿ ಹೋದಳು. ದುರಗಮ್ಮನಿಗೆ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಖೋಲಿ ಆಯಿತು. ಮುದುಕಪ್ಪನಿಗೆ ಮಾತ್ರ ಸೊಂಟ ಹೋಯಿತು, ಹಮಾಲಿ ಹೋಯಿತು, ಮಲಗಲು ಆ ಕಟ್ಟೆಯೇ ಗತಿಯಾಯಿತು. ಹೊಲಿಗೆಯಲ್ಲಿ ಉಳಿದ ಚೂರುಗಳನ್ನೆಲ್ಲ ಕೂಡಿಸಿ ದುರಗಮ್ಮ ಅವನಿಗೊಂದು ಕೌದಿ ಹೊಲಿದು ಕೊಟ್ಟಿದ್ದಳು. ಹಗಲು ಅದು ಅವನ ಬಗಲಲ್ಲಿ, ರಾತ್ರಿ ಅವನ ಮೈಮೇಲೆ. ಲೋಕದಲ್ಲಿ ತನ್ನದು ಎನ್ನಲು ಅವನಿಗಿದ್ದದ್ದು ಅದೊಂದೇ.

ಈ ಸಲ ಎಳ್ಳಮಾಸಿಯ ಹೊತ್ತಿಗೇ ಚಳಿ ಎಲುಬಿಗೆ ಇಳಿಯಿತು. ಶಿವರಾತ್ರಿಗೆ ಶಿವ ಶಿವಾ ಎಂದು ಹೋಗುವ ಚಳಿ ಅದು, ಅಲ್ಲಿಯವರೆಗೆ ಬೀದಿಯಲ್ಲಿ ಮಲಗುವವರು ಏನು ಮಾಡಬೇಕು? ಬಜಾರಿನ ಬಟ್ಟೆ ಅಂಗಡಿಯ ಶರಣಕುಮಾರನಿಗೆ ಈ ಪ್ರಶ್ನೆ ಹೊಳೆಯಿತು. ಒಳ್ಳೆಯದೇ. ಗೆಳೆಯರನ್ನು, ಕಾಲೇಜಿನ ಹುಡುಗಿಯರನ್ನು ಕೂಡಿಸಿ ಬೆಚ್ಚನೆ ಬಳಗ ಎಂದು ಕಟ್ಟಿದ, ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹೊಲಿಸಿದ. ಕೆಟ್ಟ ಮಂದಿಯೇನಲ್ಲ. ಕೆಟ್ಟವರಾಗಿದ್ದರೆ ದುರಗಮ್ಮ ಮೊದಲೇ ಎಚ್ಚರವಾಗಿರುತ್ತಿದ್ದಳು.

ಬಳಗದ ಐಶ್ವರ್ಯ ಎಂಬ ಹುಡುಗಿ ಬೇವಿನ ಮರದ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು, ನಿಲ್ದಾಣದಲ್ಲಿ ಮಲಗುವವರನ್ನೆಲ್ಲ ನಾಳೆ ಬೆಳಿಗ್ಗೆ ಸಭಾಭವನಕ್ಕೆ ಕರೆದುಕೊಂಡು ಬರಬೇಕು, ಎಲ್ಲರಿಗೂ ಹೊಸ ಕಂಬಳಿ ಇದೆ ಎಂದಳು. ಒಂದೇ ಮಾತು, ಹಳೆಯ ಹೊದಿಕೆ ತರಬಾರದು, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಇದನ್ನು ಕೇಳಿ ಮುದುಕಪ್ಪ ಬರುವುದೇ ಇಲ್ಲ ಎಂದು ಹಟ ಹಿಡಿದ. ಅವನನ್ನು ಒಪ್ಪಿಸಿದವಳು ದುರಗಮ್ಮನೇ.

“ಇಲ್ಲೇ ಕಟ್ಟಿ ಮ್ಯಾಲ ಇಡು ಕಾಕಾ. ನಿನ್ನ ಕೌದಿ ಯಾರ ಒಯ್ತಾರ? ಹೋದ್ರ ನನ್ನ ಕೇಳು.”

ಅವನು ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಗೋಡೆಗೆ ಒತ್ತಿ ಇಟ್ಟು, ಎರಡು ಸಲ ಹಿಂದಿರುಗಿ ನೋಡಿ ಹೊರಟ.

ಸಭಾಭವನದಲ್ಲಿ ಅತಿಥಿ ಬಂದಿರಲಿಲ್ಲ. ಅತಿಥಿ ಎಂದ ಮೇಲೆ ತಡವಾಗಿ ಬರಬೇಕು, ಇಲ್ಲದಿದ್ದರೆ ಅತಿಥಿ ಹೇಗೆ? ಬಂದ ಮೇಲೆ ಸನ್ಮಾನ ಶುರುವಾಯಿತು. ಅತಿಥಿಗೆ ಶಾಲು, ದಾನಿಗಳಿಗೆ ಶಾಲು, ದಾನಿಗಳ ಅಣ್ಣತಮ್ಮಂದಿರಿಗೆ ಶಾಲು, ಕಡೆಗೆ ಮೈಕಿನವನಿಗೂ ಶಾಲು. ಬಿಸಿಲು ಏರಿತ್ತು. ವೇದಿಕೆಯ ಮೇಲೆ ಶಾಲು ಹೊದ್ದವರು ಬೆವರು ಒರೆಸಿಕೊಳ್ಳುತ್ತಿದ್ದರು, ರಾತ್ರಿಯೆಲ್ಲ ನಡುಗಿದವರು ಕೆಳಗೆ ಕುರ್ಚಿಯ ತುದಿಯಲ್ಲಿ ಕೈಕಟ್ಟಿ ಕುಳಿತಿದ್ದರು. ಮೈಕಿನಲ್ಲಿ ಅವರಿಗೆ ಫಲಾನುಭವಿಗಳು ಎಂದು ಹೆಸರು. ಬಡವರಿಗೆ ಒಂದು ಕಂಬಳಿ ಕೊಡಲು ಇವರು ತಮಗೆ ತಾವೇ ಇಷ್ಟೊಂದು ಶಾಲು ಹೊದಿಸಿಕೊಳ್ಳಬೇಕೆ ಎಂದು ಕೇಳಲು ದುರಗಮ್ಮನ ನಾಲಿಗೆ ತುರಿಸಿತು. ಆದರೂ ಮುದುಕಪ್ಪನಿಗೊಂದು ಕಂಬಳಿ ಸಿಗಲಿ ಎಂದು ತುಟಿ ಕಚ್ಚಿ ಕುಳಿತಳು.

ವಯಸ್ಸಾದ ಜೀವ ಎಷ್ಟು ಹೊತ್ತು ತಡೆದೀತು? ಮುದುಕಪ್ಪ ಮೂತ್ರಕ್ಕೆಂದು ಎದ್ದು ಹೊರಗೆ ಹೋದ. ಮರಳಿ ಬಂದರೆ ಬಾಗಿಲಲ್ಲಿ ನಿಂತ ಸ್ವಯಂಸೇವಕ ಒಳಗೆ ಬಿಡಲಿಲ್ಲ, ಅತಿಥಿಗಳು ಕಂಬಳಿ ಕೊಡುತ್ತಿದ್ದಾರೆ, ಗದ್ದಲ ಆಗಬಾರದಂತೆ. ಆ ಕಂಬಳಿ ಯಾರಿಗಾಗಿಯೋ ಅವನನ್ನೇ ಹೊರಗೆ ನಿಲ್ಲಿಸಿದರು. ಕಾರ್ಯಕ್ರಮ ಮುಗಿದ ಮೇಲೆ ದುರಗಮ್ಮ ಓಡಿ ಹೋಗಿ ಅವನ ಪಾಲಿನದನ್ನು ಕೇಳಿದಳು. ಉಳಿದ ಕಂಬಳಿಗಳನ್ನು ಆಗಲೇ ಕಾರಿಗೆ ಏರಿಸಿದ್ದರು. ಸಂಜೆ ಗಂಗಾವತಿಯಲ್ಲಿ ಇನ್ನೊಂದು ಕಾರ್ಯಕ್ರಮವಿದೆ, ಅಲ್ಲಿಗೆ ಕಡಿಮೆ ಬೀಳುತ್ತದೆ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ.

ಹೋಗಲಿ, ಕೌದಿಯಂತೂ ಇದೆ ಎಂದು ಸಮಾಧಾನ ಮಾಡಿ ಅವನನ್ನು ನಿಲ್ದಾಣಕ್ಕೆ ಕರೆತಂದಳು. ಕಟ್ಟೆ ತೊಳೆದು ಹೊಳೆಯುತ್ತಿತ್ತು. ಕೌದಿ ಇರಲಿಲ್ಲ. ಅತಿಥಿ ನಿಲ್ದಾಣದಲ್ಲೂ ನಿಂತು ಫೋಟೋ ತೆಗೆಸಿಕೊಳ್ಳುವವರಿದ್ದರೆಂದು ಬಳಗದ ಇನ್ನೊಂದು ತಂಡ ಬೆಳಿಗ್ಗೆಯೇ ಬಂದು ಕಟ್ಟೆಯನ್ನು ಸ್ವಚ್ಛ ಮಾಡಿತ್ತು. ಕಾಂಪೌಂಡಿನ ಮೂಲೆಯಲ್ಲಿ ಕಸದ ಗುಡ್ಡೆ ಹೊಗೆಯಾಡುತ್ತಿತ್ತು. ಅದರಲ್ಲಿ ದುರಗಮ್ಮನಿಗೆ ತನ್ನದೇ ಹೊಲಿಗೆಯ ಒಂದು ಸುಟ್ಟ ಅಂಚು ಕಂಡಿತು.

ಈ ಕಡೆಯ ಊರುಗಳಲ್ಲಿ ಹಾಸಿಗೆ ಸುಡುವುದು ಒಂದೇ ದಿನ, ಅದರಲ್ಲಿ ಮಲಗುತ್ತಿದ್ದವನು ಸತ್ತ ದಿನ. ಹೆಣದ ಹಿಂದೆಯೇ ಅವನ ಹಾಸಿಗೆ ಹೊದಿಕೆ ಊರ ಹೊರಗೆ ಹೋಗುತ್ತದೆ, ಅಲ್ಲಿ ಸುಡುತ್ತಾರೆ. ಎಂಥ ಜಗಳದಲ್ಲೂ ಬದುಕಿದ್ದವನ ಹಾಸಿಗೆಗೆ ಯಾರೂ ಬೆಂಕಿ ತೋರಿಸುವುದಿಲ್ಲ. ಮುದುಕಪ್ಪ ಕೋಲಿನಿಂದ ಬೂದಿ ಕೆದರಿದ, ಮತ್ತೆ ಕೆದರಿದ.

“ನಾ ಇನ್ನಾ ಅದೀನಲ್ಲ ತಂಗಿ” ಎಂದ.

ದುರಗಮ್ಮನಿಗೆ ಆ ಮಾತು ತಾಳಲಾಗಲಿಲ್ಲ. ಹೋದರೆ ನನ್ನ ಕೇಳು ಎಂದವಳು ತಾನೇ, ಆದರೂ ಅವನು ಅವಳನ್ನು ಒಂದು ಮಾತು ಕೇಳಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. ತನ್ನ ಖೋಲಿಯಿಂದ ತಾನು ಹೊದೆಯುವ ಕೌದಿಯನ್ನೇ ತಂದಳು. ಹೆಣ್ಣುಮಗಳ ಹೊದಿಕೆ ಕಸಿದುಕೊಂಡು ಮಲಗುವಷ್ಟು ಕೆಟ್ಟಿಲ್ಲ ಎಂದು ಅವನು ಮುಟ್ಟಲೇ ಇಲ್ಲ. ಚಹಾದಂಗಡಿಯ ಆರುತ್ತಿದ್ದ ಒಲೆಯ ಮುಂದೆ ಮೊಣಕಾಲು ತಬ್ಬಿ ಕೂತೇ ರಾತ್ರಿ ಕಳೆದ.

ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆ ದುರಗಮ್ಮನಿಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಅವಳಿಗೆ ದವಡೆಯ ಚಿಂತೆ ಇರಲಿಲ್ಲ. ಸೂಜಿ ದಾರದ ಚೀಲ ಹೆಗಲಿಗೆ ಹಾಕಿಕೊಂಡು, ಮುದುಕಪ್ಪನ ಕೈ ಹಿಡಿದು ಬಜಾರಿಗೆ ನಡೆದಳು. ಶರಣಕುಮಾರನ ಅಂಗಡಿಯ ಮುಂಗಟ್ಟೆಯ ಮೇಲೆ ಬಿಸಿಲು ಬೀಳುವ ಜಾಗ ನೋಡಿ ಅವನನ್ನು ಕೂರಿಸಿ, ತಾನೂ ಬಾಗಿಲಿಗೆ ಅಡ್ಡಲಾಗಿ ಕುಳಿತಳು. ಗಿರಾಕಿಗಳು ಏನಾಯಿತು ಎಂದು ಕೇಳಿದರು. ಕೇಳಿದವರಿಗೆಲ್ಲ ಅವಳು ಮೊದಲಿನಿಂದ ಕೊನೆಯವರೆಗೆ ಹೇಳಿದಳು, ಶಾಲಿನ ಲೆಕ್ಕವನ್ನೂ ಬಿಡಲಿಲ್ಲ.

ಶರಣಕುಮಾರ ಗಡಿಬಿಡಿಯಿಂದ ಹೊರಬಂದ. ಹುಡುಗರಿಗೆ ತಿಳಿಯಲಿಲ್ಲ, ಕಸವೆಂದುಕೊಂಡರು, ಇಷ್ಟಕ್ಕೆ ಬಜಾರಿನಲ್ಲಿ ಮರ್ಯಾದೆ ತೆಗೆಯಬೇಕೇ ಎಂದು ಮೆಲ್ಲಗೆ ಗದರಿ, ಕಪಾಟಿನಿಂದ ಒಂದು ದಪ್ಪ ಕಂಬಳಿ ತಂದು ಮುಂದಿಟ್ಟ. ದುರಗಮ್ಮ ಅದನ್ನು ಕಾಲಿನಿಂದ ಸರಿಸುವವಳಿದ್ದಳು. ಮುದುಕಪ್ಪ ಅವಳ ಕೈ ಹಿಡಿದ.

“ತಗೋ ತಂಗಿ. ಥಂಡಿಗೆ ನಿನ್ನ ಸಿಟ್ಟು ತಿಳಿಯಂಗಿಲ್ಲ.”

ಅವಳು ಕಂಬಳಿ ಬಿಚ್ಚಿ ಅವನಿಗೆ ಕಿವಿಯವರೆಗೆ ಹೊದಿಸಿದಳು. ಹೊದಿಸಿ ಮತ್ತೆ ಅಲ್ಲಿಯೇ ಕುಳಿತಳು. ಕಂಬಳಿ ಕೊಟ್ಟಾಯಿತಲ್ಲ, ಇನ್ನೂ ಏನು ಎಂದ ಶರಣಕುಮಾರ.

“ಇದು ನೀವು ಕೊಡ್ತೀನಿ ಅಂದಿದ್ದು, ನಿನ್ನೆ ಕೊಡಬೇಕಾಗಿತ್ತು, ಇವತ್ತು ಕೊಟ್ರಿ” ಎಂದಳು ದುರಗಮ್ಮ. “ಕೌದಿ ಅವಂದು. ನಿಮ್ಮ ದಾನ ಬ್ಯಾರೆ, ಅವನ ಸಾಮಾನು ಬ್ಯಾರೆ. ಮನಿ ಇಲ್ಲದವಗ ತನ್ನದು ಅಂಬೋದು ಇರಂಗಿಲ್ಲ ಅಂತ ತಿಳದೀರೇನ್ರಿ? ಜೀವಂತ ಇರೋ ಮನಿಷ್ಯಾನ ಹಾಸಿಗಿ ಸುಡತಾರೇನ್ರಿ ಸಾವ್ಕಾರ್ರ?”

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಶರಣಕುಮಾರನ ತಾಯಿ ವಿರೂಪಾಕ್ಷಮ್ಮ ಈ ಕೊನೆಯ ಮಾತು ಕೇಳಿ ಎದ್ದು ಬಂದಳು. ಸುಟ್ಟದ್ದು ಹೌದೇ ಎಂದು ಮಗನನ್ನು ಕೇಳಿದಳು. ಅವನು ಹಳೆಯದಿತ್ತು ಎಂದ. ಆ ತಾಯಿ ಒಳಮನೆಗೆ ಹೋಗಿ, ಒಗೆದು ಮಡಿಸಿಟ್ಟಿದ್ದ ತನ್ನ ನೂಲಿನ ಸೀರೆಗಳನ್ನು ಎರಡೂ ಕೈ ತುಂಬ ತಂದು ದುರಗಮ್ಮನ ಮಡಿಲಿಗೆ ಹಾಕಿದಳು.

ದುರಗಮ್ಮ ಸೀರೆಗಳನ್ನು ಮುಂಗಟ್ಟೆಯ ಉದ್ದಕ್ಕೂ ಹಾಸಿ ದಾರ ಪೋಣಿಸಿದಳು. ಗಿರಾಕಿಗಳು ಅಂಚು ತುಳಿಯದಂತೆ ಪಕ್ಕದಿಂದ ಒಳಗೆ ಹೋದರು. ಶರಣಕುಮಾರ ಸ್ವಲ್ಪ ಹೊತ್ತು ಅಂಗಡಿಯೊಳಗೆ ತಿರುಗಾಡಿ, ಹೊರಬಂದು ಅವಳ ಮುಂದೆ ನಿಂತು, ತಪ್ಪಾಯಿತು ದುರಗಮ್ಮ ಎಂದ. ಅವಳು ತಲೆ ಎತ್ತಲಿಲ್ಲ.

“ನನಗ್ಯಾಕ ಹೇಳ್ತೀರಿ? ಅವಗ ಹೇಳ್ರಿ.”

ಅವನು ಮುದುಕಪ್ಪನ ಕಡೆ ತಿರುಗಿದ. ಬಿಸಿಲಿಗೆ, ಕಂಬಳಿಯ ಬಿಸುಪಿಗೆ ಮುದುಕ ಕೂತಲ್ಲಿಯೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಶರಣಕುಮಾರ ಎಬ್ಬಿಸಲೆಂದು ಅವನ ಭುಜಕ್ಕೆ ಕೈ ಚಾಚಿದ.

“ಮುಟ್ಟಬ್ಯಾಡ್ರಿ” ಎಂದಳು ದುರಗಮ್ಮ. “ರಾತ್ರಿ ಅವಗ ನಿದ್ದಿಲ್ಲ. ಏಳೋತನಕ ನಿಂದರ್ರಿ.”

ಗಿರಾಕಿಗಳು ನೋಡುತ್ತಿದ್ದರು, ತಾಯಿ ನೋಡುತ್ತಿದ್ದಳು. ಶರಣಕುಮಾರ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅಲ್ಲಿಯೇ ನಿಂತ.