ಇಂಚಕ್ಕನ ಇಂಜಿನ್

ಇಂಚಕ್ಕ ಹೊಲಿದ ಸ್ಕೂಲ್ ಯೂನಿಫಾರಂ ಹಾಕಿಕೊಂಡ ಮಗು ಮೊದಲ ವರ್ಷ ತೋಳು ಮಡಚಿಕೊಂಡು ಓಡಾಡುತ್ತದೆ, ಎರಡನೇ ವರ್ಷ ಸರಿಯಾಗಿ ಕಾಣುತ್ತದೆ, ಮೂರನೇ ವರ್ಷ ಅದೇ ಬಟ್ಟೆಯಲ್ಲಿ ಅದರ ತಮ್ಮನೋ ತಂಗಿಯೋ ತೋಳು ಮಡಚಿಕೊಂಡು ಓಡಾಡುತ್ತದೆ. ಏನೇ ಹೊಲಿದರೂ ಒಂದಿಂಚು ಜಾಸ್ತಿ ಬಿಟ್ಟು ಒಳಗೆ ಮಡಚುವುದು ಅವಳ ಪದ್ಧತಿ. "ಬೆಳೆಯೋ ಮಕ್ಕಳು, ಇರಲಿ" ಎನ್ನುತ್ತಾಳೆ. ತಲೆ ನರೆತವರ ಪ್ಯಾಂಟಿಗೂ ಇದೇ ಮಾತು. ಹೀಗಾಗಿ ಬೀದಿಯವರು ಇಟ್ಟ ಹೆಸರು ಇಂಚಕ್ಕ. ಅವಳಿಗೆ ಅದರಿಂದ ಎಳ್ಳಷ್ಟೂ ಬೇಸರವಿಲ್ಲ; ಅಂಗಡಿಯ ಬೋರ್ಡಿನ ಮೇಲೂ ಅದನ್ನೇ ಬರೆಸಿದ್ದಾಳೆ.

ಇಂಥ ಇಂಚಕ್ಕ ಐವತ್ತು ದಾಟಿದ ಮೇಲೆ ವಿಮಾನ ಕಟ್ಟಲು ಕೂತಳು ಎಂದರೆ ಅದಕ್ಕೆ ಕಾರಣ ಅವಳ ಅಣ್ಣ. ಕ್ರೇನ್ ಓಡಿಸಿ ನಿವೃತ್ತನಾದ ಮನುಷ್ಯ. ಪಕ್ಕದಲ್ಲಿ ಕೂತವರ ಜೊತೆಗೂ ಕೆಳಗೆ ನಿಂತವರಿಗೆ ಕೇಳಿಸುವ ಹಾಗೆಯೇ ಮಾತಾಡುತ್ತಾನೆ. ಹುಡುಗನಾಗಿದ್ದಾಗ ಅವನಿಗೆ ಆಟದ ವಿಮಾನದ ಹುಚ್ಚು. ಆಟದ್ದೆಂದರೂ ನಿಜವಾಗಿ ಹಾರುವಂಥದ್ದು. ಎರಡು ಸಣ್ಣ ಉಕ್ಕಿನ ತಂತಿಗಳ ಒಂದು ತುದಿ ವಿಮಾನದ ರೆಕ್ಕೆಗೆ, ಇನ್ನೊಂದು ತುದಿ ಕೈಯಲ್ಲಿರುವ ಹಿಡಿಕೆಗೆ. ಹಿಡಿಕೆ ಹಿಡಿದವನು ಮೈದಾನದ ನಡುವೆ ನಿಂತು ತಿರುಗುತ್ತಿದ್ದರೆ ವಿಮಾನ ಅವನ ಸುತ್ತ ಗುಂಯ್ ಎಂದು ಹಾರುತ್ತದೆ. ಆದರೆ ಇಂಜಿನ್ ಶುರುವಾದ ಮೇಲೆ, ಹಾರಿಸುವವನು ಓಡಿಹೋಗಿ ಹಿಡಿಕೆ ಎತ್ತಿಕೊಳ್ಳುವ ತನಕ, ವಿಮಾನದ ಬಾಲ ಹಿಡಿದುಕೊಂಡು ಕೂರಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಯಾವಾಗಲೂ ತಂಗಿಯೇ. "ಬಿಡ್ಲಾ?" ಎಂದು ಅವಳು ಕೂಗಬೇಕು, "ಇರು" ಎಂದು ಅವನು ಕಾಯಿಸಬೇಕು, ಆಮೇಲೆ ದೊಡ್ಡ ಮನಸ್ಸು ಮಾಡಿ "ಬಿಡು" ಎನ್ನಬೇಕು. ವಿಮಾನ ಇಳಿದ ಮೇಲೆ "ನನಗೂ ಒಂದ್ಸಲ ಕೊಡೋ ಅಣ್ಣಾ" ಎಂದರೆ ಬರುತ್ತಿದ್ದ ಉತ್ತರ ಒಂದೇ: "ಮುಂದಿನ ಸಲ." ಆ ಮುಂದಿನ ಸಲ ಬರುವುದರೊಳಗೆ ಇಬ್ಬರಿಗೂ ಮದುವೆಯಾಯಿತು, ಮಕ್ಕಳಾದವು, ವಿಮಾನ ಅಟ್ಟ ಸೇರಿತು.

ನಿವೃತ್ತಿಯಾದ ಮೇಲೆ ಅಣ್ಣನಿಗೆ ಹಳೇ ಹುಚ್ಚು ಮರುಕಳಿಸಿತು. ಒಂದು ದಿನ ದೊಡ್ಡ ನಕ್ಷೆಯೊಂದನ್ನು ಸುತ್ತಿಕೊಂಡು ತಂಗಿಯ ಅಂಗಡಿಗೆ ಬಂದ. ಇಂಚಕ್ಕ ಬಟ್ಟೆಗೆ ಕಾಗದದ ಅಚ್ಚು ಕತ್ತರಿಸುವುದರಲ್ಲಿ ಪಳಗಿದವಳು. ರೆಕ್ಕೆಯ ಪಟ್ಟಿಗಳ ಅಚ್ಚನ್ನು ಕತ್ತರಿಸಿ ಕೊಡಲಿ ಎಂದು ಅವನ ಆಸೆ. ಅವಳು ಕತ್ತರಿಸಿ ಕೊಟ್ಟಳು. ಜೊತೆಗೆ ಇನ್ನೊಂದು ಜೊತೆ ಕತ್ತರಿಸಿ ಮೇಜಿನ ಖಾನೆಯಲ್ಲಿಟ್ಟುಕೊಂಡಳು.

"ಅದು ಯಾರಿಗೆ?" ಎಂದ ಅಣ್ಣ.

"ನನಗೆ."

"ನೀನೇನು ಮಾಡ್ತೀಯಾ ವಿಮಾನ ಇಟ್ಕೊಂಡು?"

"ಹಾರಿಸ್ತೀನಿ. ಇನ್ನೇನು, ಒಗೆದು ಒಣಗ್ಹಾಕ್ತಾರಾ?"

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕಿದ್ದೇ ತಪ್ಪಾಯಿತು. ಅಂಗಡಿಯ ಕೆಲಸ ಮುಗಿದ ಮೇಲೆ ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಹಗುರ ಮರದ ಪಟ್ಟಿ ಜೋಡಿಸಿ, ಅಂಟು ಹಾಕಿ, ಬಟ್ಟೆಯ ಪಿನ್ನು ಚುಚ್ಚಿ ನಿಲ್ಲಿಸತೊಡಗಿದಳು. ಕೋಟಿನ ಒಳಗೆ ಹಾಕುವ ತೆಳು ರೇಷ್ಮೆಯನ್ನು ರೆಕ್ಕೆಗೆ ಎಳೆದು ಕಟ್ಟಿದಾಗ ಒಂದು ಸುಕ್ಕೂ ಇರಲಿಲ್ಲ. ಅಣ್ಣನ ರೆಕ್ಕೆ ಅದರ ಪಕ್ಕದಲ್ಲಿ ನಿದ್ದೆಗಣ್ಣಲ್ಲಿ ಎದ್ದು ಬಂದ ಹಾಗಿತ್ತು. ಇದನ್ನು ಅವನು ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ, ಆದರೆ ಸವಾಲು ಹಾಕಿದ: "ಕಟ್ಟೋದು ಬೇರೆ, ಹಾರಿಸೋದು ಬೇರೆ ಪುಟ್ಟಿ. ಬರೋ ತಿಂಗಳ ಮೊದಲನೇ ಭಾನುವಾರ ಮೈದಾನಕ್ಕೆ ತಗೊಂಡು ಬಾ. ನಿನ್ನ ಕೈಲಿ ಹಾರಲಿಲ್ಲ ಅಂದ್ರೆ ಹಿಡಿಕೆ ನನ್ನ ಕೈಗೆ ಕೊಡ್ಬೇಕು. ಆಮೇಲೆ ಹಳೇ ಲೆಕ್ಕ, ಬಾಲ ನಿಂದು."

"ಆಗಲಿ" ಎಂದಳು ಇಂಚಕ್ಕ. ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಜೀವಮಾನವೆಲ್ಲ ಬಾಲ ಹಿಡಿದು ಕೂತದ್ದು ಸಾಕಾಗಿತ್ತು.

ಉಳಿದದ್ದು ಇಂಜಿನ್. ಈ ವಿಮಾನಗಳಿಗೆ ಹಾಕುವುದು ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಗ್ಲೋ ಇಂಜಿನ್. ಅದರ ತಲೆಯಲ್ಲೊಂದು ಕೂದಲೆಳೆಯಂಥ ತಂತಿ ಸುರುಳಿ ಇರುತ್ತದೆ. ಬ್ಯಾಟರಿ ಮುಟ್ಟಿಸಿದರೆ ಸುರುಳಿ ಕೆಂಪಗೆ ಕಾಯುತ್ತದೆ, ಬೆರಳಲ್ಲಿ ಫ್ಯಾನಿಗೆ ಹೊಡೆದರೆ ಇಂಜಿನ್ ಹತ್ತಿಕೊಳ್ಳುತ್ತದೆ, ಆಮೇಲೆ ಬ್ಯಾಟರಿ ತೆಗೆದರೂ ತನ್ನ ಬಿಸಿಗೆ ತಾನೇ ಓಡುತ್ತಿರುತ್ತದೆ. ಸಿಲಿಂಡರಿನ ಅಳತೆಯ ಪ್ರಕಾರ ಇವಕ್ಕೆ ನಂಬರು: ಹತ್ತು, ಹದಿನೈದು, ಇಪ್ಪತ್ತೈದು. ನಕ್ಷೆಯಲ್ಲಿ ಹತ್ತು ಎಂದು ಬರೆದಿತ್ತು. ಅಣ್ಣನೂ ಕೇಳಿದ್ದಕ್ಕೆ ಅದನ್ನೇ ಹೇಳಿದ: "ನಿನಗೆ ಹತ್ತು ಸಾಕು ಬಿಡು."

ಆ 'ನಿನಗೆ' ಮತ್ತು ಆ 'ಸಾಕು' ಇಂಚಕ್ಕನಿಗೆ ಸೂಜಿ ಚುಚ್ಚಿದ ಹಾಗಾಯಿತು.

ಇಂಜಿನ್ ಮಾರುವ ಅಂಗಡಿ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ದಪ್ಪ ಕನ್ನಡಕದ ಅಂಗಡಿಯವರು ಗಾಜಿನ ಕಪಾಟಿನಿಂದ ಮೂರೂ ಅಳತೆಯದನ್ನು ತೆಗೆದು ಒಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಅವಳು ಒಂದೊಂದನ್ನೇ ಕೈಗೆತ್ತಿಕೊಂಡು, ಫ್ಯಾನು ಸಿಕ್ಕಿಸುವ ದಂಡವನ್ನು ಬೆರಳಲ್ಲಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ನೋಡಿದಳು.

"ವಿಮಾನ ಎಷ್ಟು ದೊಡ್ಡದು ಮೇಡಂ?" ಎಂದರು ಅಂಗಡಿಯವರು.

ಅವಳು ಎರಡೂ ಕೈ ಚಾಚಿ ತೋರಿಸಿದಳು. ಟೈಲರ್ ಕೈ, ಅಳತೆ ತಪ್ಪುವುದಿಲ್ಲ.

"ಹಾಗಾದ್ರೆ ಹತ್ತು ಸಾಕು."

"ನೀವೂ ಸಾಕು ಅಂತೀರಾ? ಇಪ್ಪತ್ತೈದು ಹಾಕಿದ್ರೆ ಏನಾಗುತ್ತೆ?"

"ಮೂತಿ ಭಾರ ಆಗುತ್ತೆ. ಎಳೆತ ಜಾಸ್ತಿ ಆಗುತ್ತೆ. ಪುಟ್ಟ ವಿಮಾನ, ತಡ್ಕೊಳ್ಳಲ್ಲ."

"ಮುಂದೆ ದೊಡ್ಡದು ಕಟ್ಟಿದಾಗ ಬೇಕಾಗುತ್ತಲ್ಲ. ಸ್ವಲ್ಪ ಜಾಸ್ತಿ ಇರಲಿ" ಎಂದಳು ಇಂಚಕ್ಕ.

ಅಂಗಡಿಯವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಇಪ್ಪತ್ತೈದರ ಇಂಜಿನ್ನನ್ನು ಡಬ್ಬಿಗೆ ಹಾಕಿ ಕೊಟ್ಟರು. ಮಗುವಿನ ಅಂಗಿಗೆ ಒಂದಿಂಚು ಜಾಸ್ತಿ ಬಿಟ್ಟರೆ ಮಗು ಬೆಳೆದು ಅದನ್ನು ತುಂಬುತ್ತದೆ. ವಿಮಾನ ಬೆಳೆಯುವುದಿಲ್ಲ. ಇಷ್ಟು ಸರಳವಾದದ್ದು ಇಂಚಕ್ಕನಿಗೆ ಹೊಳೆಯಲಿಲ್ಲ ಎಂದಲ್ಲ. ಹೊಳೆಯುವುದಕ್ಕೆ ಅವಳು ಬಿಡಲಿಲ್ಲ.

ಹೊಸ ಇಂಜಿನ್ನನ್ನು ಮೊದಲು ಹಲಗೆಗೆ ಬಿಗಿದು ಓಡಿಸಿ ಪಳಗಿಸಬೇಕು. ಹಿತ್ತಿಲಲ್ಲಿ ಓಡಿಸಿದಳು. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಇಂಧನದಲ್ಲಿ ಹರಳೆಣ್ಣೆ ಬೆರೆತಿರುತ್ತದೆ. ಅದರ ಹೊಗೆ ಮತ್ತು ತುಂತುರು ಹೋಗಿ ಗಂಡನ ಬಿಳಿ ಶರ್ಟಿನ ಮೇಲೆ ಕೂತಿತು. ಗಂಡ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವನು, ಸಮಾಧಾನದ ಮನುಷ್ಯ. ಶರ್ಟನ್ನು ಮೂಸಿ ನೋಡಿ, "ಇಂಜಿನ್‌ಗೆ ಹೊಟ್ಟೆ ಸರಿಯಿಲ್ಲ ಅನ್ಸುತ್ತೆ" ಎಂದಷ್ಟೇ ಹೇಳಿ ಒಳಗೆ ಹೋದ.

ಇಂಜಿನ್ ಕೂರಿಸಲು ವಿಮಾನದ ಮೂತಿಯಲ್ಲಿ ಹತ್ತರ ಅಳತೆಗೆ ತೂತು ಕೊರೆದಿತ್ತು. ಅದರ ಮೇಲೆ ತಗಡಿನ ಪಟ್ಟಿ ಇಟ್ಟು ಹೇಗೋ ದೊಡ್ಡದನ್ನು ಬಿಗಿದಳು. ಎರಡು ಬೆರಳ ತುದಿಯಲ್ಲಿ ರೆಕ್ಕೆ ಎತ್ತಿ ಹಿಡಿದರೆ ವಿಮಾನ ಸಮವಾಗಿ ನಿಲ್ಲಬೇಕು. ಇದು ಮೂತಿ ಕೆಳಗೆ ಮಾಡಿ ನೆಲ ನೋಡಿತು. ಬಾಲಕ್ಕೆ ಭಾರ ಬೇಕು. ಬೇರೆಯವರು ಸೀಸದ ತುಂಡು ಅಂಟಿಸುತ್ತಾರೆ. ಇಂಚಕ್ಕ ಕೋಟಿನ ಹಿತ್ತಾಳೆ ಗುಂಡಿ ಹೊಲಿದಳು. ಒಂದು ಹೊಲಿದರೂ ಮೂತಿ ಕೆಳಗೆ. ಇನ್ನೊಂದು ಹೊಲಿದಳು. ಮತ್ತೊಂದು. ಕೊನೆಗೆ ಎರಡೂ ಕಡೆ ಸಾಲಾಗಿ ಗುಂಡಿಗಳು ಹೊಳೆಯತೊಡಗಿದವು.

"ಇದು ಹಾರೋಕಾ, ತೊಟ್ಕೊಳ್ಳೋಕಾ?" ಎಂದ ಗಂಡ.

"ಸುಮ್ನಿರ್ರೀ, ಕಣ್ಣು ಹಾಕ್ಬೇಡಿ."

ಅವನು ಸುಮ್ಮನಾದ. ಆದರೆ ಆಚೆ ಹೋಗಿ ಭಾವನಿಗೆ ಫೋನು ಮಾಡಿ ಗುಂಡಿಗಳ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದ. ಆ ಕಡೆಯಿಂದ ಜೋರು ನಗು ಬರಬೇಕಿತ್ತು. ಬರಲಿಲ್ಲ. "ಹತ್ತು ತಗೋ ಅಂದಿದ್ದೆನಲ್ಲಪ್ಪಾ" ಎಂದು ಮೆಲ್ಲಗೆ ಹೇಳಿ ಅಣ್ಣ ಫೋನಿಟ್ಟ.

ಭಾನುವಾರ ಬೆಳಿಗ್ಗೆ ಮುಚ್ಚಿದ ಕಾರ್ಖಾನೆಯ ಹಿಂದಿನ ಮೈದಾನಕ್ಕೆ ಮೂವರೂ ಹೋದರು. ಗಾಳಿ ಇರಲಿಲ್ಲ, ಹುಲ್ಲು ಇನ್ನೂ ಒದ್ದೆಯಿತ್ತು. ಅಣ್ಣ ಗುಂಡಿಗಳ ಮೇಲೆ ಒಮ್ಮೆ ಕೈಯಾಡಿಸಿದ, ನಗಲಿಲ್ಲ. ತಂತಿ ಬಿಚ್ಚಿ ಹರಡಿದರು. ಇಂಜಿನ್ ಹತ್ತಿಕೊಂಡಿತು. ಅಣ್ಣ ಮಂಡಿ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತು ಬಾಲ ಹಿಡಿದ. ಇಂಚಕ್ಕ ನಡುವೆ ಹೋಗಿ ಹಿಡಿಕೆ ಎತ್ತಿಕೊಂಡಳು.

ಇಂಜಿನ್ ವೇಗ ಹಿಡಿಯಿತು. ವಿಮಾನ ಗಡಗಡ ನಡುಗಿತು. ಅಣ್ಣ ಕೂತಲ್ಲಿಂದಲೇ ಒದ್ದೆ ಹುಲ್ಲಿನ ಮೇಲೆ ಜಾರತೊಡಗಿದ. ಒಂದು ಗುಂಡಿ ಕಿತ್ತು ಹಾರಿ ಅವನ ಹಣೆಗೆ ಬಡಿಯಿತು.

"ಬಿಡ್ಲಾ?" ಎಂದು ಅವನು ಕೂಗಿದ.

ಇಷ್ಟು ವರ್ಷ ಅವಳು ಕೂಗುತ್ತಿದ್ದ ಮಾತು ಈಗ ಅಣ್ಣನ ಬಾಯಲ್ಲಿ. 'ಬಿಡು' ಎಂದರೆ ಸಾಕಿತ್ತು. ಆದರೆ ಅವಳ ಕಣ್ಣು ರೆಕ್ಕೆಯ ಬುಡದಲ್ಲಿತ್ತು. ಅಲ್ಲಿ ರೇಷ್ಮೆ ಅದುರುತ್ತಿತ್ತು, ಅಂಟಿನ ಗೆರೆ ಬಾಯಿ ತೆರೆಯುತ್ತಿತ್ತು. ಹೊಲಿಗೆ ಬಿಟ್ಟುಕೊಳ್ಳುವ ಗಳಿಗೆ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಈಗ ಬಿಟ್ಟರೆ ಒಂದು ಸುತ್ತು ಮುಗಿಯುವುದರೊಳಗೆ ರೆಕ್ಕೆ ಒಂದು ಕಡೆ, ಮೂತಿ ಒಂದು ಕಡೆ. ಬಿಡದಿದ್ದರೆ ಹಿಡಿಕೆ ಅಣ್ಣನದು.

"ಬೇಡ!" ಎಂದು ಚೀರಿದಳು. "ನಿಲ್ಸು!"

ಅಣ್ಣ ಇಂಧನದ ನಳಿಕೆ ಹಿಚುಕಿ ಹಿಡಿದ. ಇಂಜಿನ್ ನಿಂತಿತು.

ಇಂಚಕ್ಕ ನಡೆದು ಬಂದು ಹಿಡಿಕೆಯನ್ನು ಅಣ್ಣನ ಮುಂದೆ ಚಾಚಿದಳು. ಕಣ್ಣಲ್ಲಿ ನೀರಿತ್ತು. "ತಗೋ. ಮಾತು ಅಂದ್ರೆ ಮಾತು. ಎಲ್ಲರೂ ಹತ್ತು ಅಂದ್ರು, ನಾನೇ ಹಟ ಮಾಡ್ದೆ."

ಅಣ್ಣ ಹಿಡಿಕೆ ಮುಟ್ಟಲಿಲ್ಲ. ಪ್ಯಾಂಟಿನ ಜೇಬಿಗೆ ಕೈ ಹಾಕಿ ಒಂದು ಹಳೇ ಕಾಲುಚೀಲ ತೆಗೆದ. ಕಾಲುಚೀಲದ ಒಳಗೆ ಅವನು ಹುಡುಗನಾಗಿದ್ದ ಕಾಲದ ಹತ್ತರ ಇಂಜಿನ್ ಇತ್ತು. ಅದೇ ಸವೆದ ಫ್ಯಾನು, ತುದಿ ಮುರಿದ ಅದೇ ತಲೆ. "ಎಣ್ಣೆ ಒಣಗಿ ಕಲ್ಲಾಗಿತ್ತು ಕಣೇ. ನಿನ್ನ ಗಂಡ ಫೋನ್ ಮಾಡಿದಾಗಿಂದ ಬಿಸಿ ಮಾಡಿ, ಎಣ್ಣೆ ಬಿಟ್ಟು, ಕೂದಲೆಳೆಯಷ್ಟಷ್ಟೇ ತಿರುಗಿಸಿ ಬಿಡಿಸಿದ್ದೀನಿ. ನಾನು ಅವತ್ತು ನಿನಗೆ ಸಾಕು ಅಂದದ್ದು ಸರಿಯಿರಲಿಲ್ಲ. ವಿಮಾನಕ್ಕೆ ಸಾಕು ಅನ್ಬೇಕಿತ್ತು."

ಇಂಚಕ್ಕ ಮೂಗೊರೆಸಿಕೊಂಡು ತನ್ನ ಕೈಚೀಲದಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದಳು. ಕೆಟ್ಟ ಹೊಲಿಗೆಯನ್ನು ಅವಳು ಎಂದೂ ಮುದ್ದು ಮಾಡಿದವಳಲ್ಲ. ಗುಂಡಿಗಳು ಒಂದೊಂದಾಗಿ ಗಂಡನ ಅಂಗೈಗೆ ಬಿದ್ದವು. ತಗಡು ಹೋಯಿತು, ದೊಡ್ಡ ಇಂಜಿನ್ ಹೋಯಿತು. ಬಾಯಿ ತೆರೆದಿದ್ದ ಗೆರೆಗೆ ಅಂಟು ತುಂಬಿ, ಮೇಲೊಂದು ರೇಷ್ಮೆ ಪಟ್ಟಿ ಒತ್ತಿ, ಒಣಗುವವರೆಗೆ ಮೂವರೂ ಬಿಸಿಲಿಗೆ ಕೂತು ಮಾತಾಡಿದರು. ಹತ್ತರ ಇಂಜಿನ್ ಮೊದಲು ಕೊರೆದ ತೂತುಗಳಲ್ಲೇ ಸರಿಯಾಗಿ ಕೂತಿತು. ಎರಡು ಬೆರಳ ಮೇಲೆ ಎತ್ತಿದರೆ ವಿಮಾನ ಅತ್ತಲೂ ಬಾಗಲಿಲ್ಲ, ಇತ್ತಲೂ ಬಾಗಲಿಲ್ಲ.

ಅಣ್ಣ ಫ್ಯಾನಿಗೆ ಹೊಡೆದ. ಇಂಜಿನ್ ಜಪ್ಪಯ್ಯ ಎನ್ನಲಿಲ್ಲ. ಹೊಡೆದೂ ಹೊಡೆದೂ ಬೆರಳು ಊದಿಸಿಕೊಂಡ.

"ಆ ಕಡೆಗೆ ಸರಿ" ಎಂದಳು ಇಂಚಕ್ಕ. ಗಾಳಿ ಎಳೆಯುವ ಬಾಯಿಯನ್ನು ಬೆರಳಲ್ಲಿ ಮುಚ್ಚಿ ಫ್ಯಾನನ್ನು ಎರಡು ಸುತ್ತು ಮೆಲ್ಲಗೆ ತಿರುಗಿಸಿದಳು, ಬ್ಯಾಟರಿ ಮುಟ್ಟಿಸಿದಳು, ಹಿಂದಕ್ಕೆ ಒಂದು ಏಟು ಕೊಟ್ಟಳು. ಟರ್ರ್ ಎಂದು ಹತ್ತಿಕೊಂಡಿತು.

"ಅರೆ! ಹಿಂದಕ್ಕೆ ಹೊಡೀಬೇಕು ಅನ್ನೋದು ನನಗೇ ಮರೆತುಹೋಗಿತ್ತು. ನಿನಗೆ ಹೇಗೆ ಗೊತ್ತು?"

"ಅಷ್ಟು ವರ್ಷ ಎದುರಿಗೆ ಕೂತು ನಾನೇನು ನಿದ್ದೆ ಮಾಡ್ತಿದ್ನಾ?"

ಅವಳು ನಡುವೆ ಹೋಗಿ ನಿಂತಳು. ಅಣ್ಣ ಬಾಲ ಹಿಡಿದು ಕೂತ.

"ಬಿಡ್ಲಾ?"

"ಇರು" ಎಂದಳು ಇಂಚಕ್ಕ. ಹಿಡಿಕೆ ಸರಿಯಾಗಿತ್ತು, ತಂತಿ ಸರಿಯಾಗಿತ್ತು, ಕಾಯಬೇಕಾದ್ದು ಏನೂ ಇರಲಿಲ್ಲ. ಆದರೂ ಕಾಯಿಸಿದಳು.

"ಬಿಡ್ಲೇನೇ? ಮಂಡಿ ನೋಯ್ತಿದೆ!"

"ಬಿಡು!"

ವಿಮಾನ ಹುಲ್ಲಿನ ಮೇಲೆ ಓಡಿತು, ನೆಲ ಬಿಟ್ಟಿತು, ಒಮ್ಮೆ ಮುಗ್ಗರಿಸಿದಂತಾಗಿ ಮೇಲೇರಿತು. ತೋಳಿಗೆ ಹಿತವಾದ ಎಳೆತ ಬಂತು. ಅವಳು ತಿರುಗಿದಳು, ಕಾರ್ಖಾನೆಯ ಗೋಡೆ, ಗಂಡ, ಅಣ್ಣ, ಮರ, ಮತ್ತೆ ಗೋಡೆ. ಪ್ರತಿ ಸುತ್ತಿಗೂ ಗಂಡ ಎರಡೂ ಕೈಯಲ್ಲಿ ಗುಂಡಿ ಕುಲುಕಿ ಕುಣಿಯುತ್ತಿದ್ದ. ಅವಳಿಗೆ ಖುಷಿಯಾಯಿತು, ಎಷ್ಟೆಂದರೆ ಗಟ್ಟಿಯಾಗಿ ನಗುತ್ತಿದ್ದದ್ದು ತಾನೇ ಎಂದು ಗೊತ್ತಾಗಲು ಎರಡು ಸುತ್ತು ಬೇಕಾಯಿತು. ಇಂಧನ ಮುಗಿದು ಇಂಜಿನ್ ನಿಂತಾಗ ವಿಮಾನ ತೇಲಿಕೊಂಡು ಬಂದು ಹುಲ್ಲಿಗೆ ಇಳಿಯಿತು. ಒಂದು ಗೀರೂ ಬೀಳಲಿಲ್ಲ.

ಅಣ್ಣ ಕುಂಟುತ್ತ ಹತ್ತಿರ ಬಂದ. ವಿಮಾನ ನೋಡಿದ, ಹಿಡಿಕೆ ನೋಡಿದ, ತಲೆ ಕೆರೆದುಕೊಂಡ. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಯಾರೂ ಕೇಳಿರಲಿಲ್ಲ.

"ಪುಟ್ಟೀ, ನನಗೂ ಒಂದ್ಸಲ ಕೊಡೇ."

"ಮುಂದಿನ ಸಲ" ಎಂದಳು ಇಂಚಕ್ಕ.

ಅಣ್ಣನ ಮುಖ ಸಪ್ಪಗಾಯಿತು. ಅವಳು ಏನೂ ಆಗದವಳ ಹಾಗೆ ಟ್ಯಾಂಕಿಗೆ ಇಂಧನ ತುಂಬಿದಳು, ಬ್ಯಾಟರಿ ಮುಟ್ಟಿಸಿದಳು, ಹಿಂದಕ್ಕೆ ಒಂದು ಏಟು ಕೊಟ್ಟಳು. ಇಂಜಿನ್ ಹತ್ತಿಕೊಂಡ ಕೂಡಲೇ ಸೀರೆಯ ಅಂಚು ಸೊಂಟಕ್ಕೆ ಸಿಕ್ಕಿಸಿ, ಹುಲ್ಲಿನ ಮೇಲೆ ಕೂತು, ಬಾಲ ಹಿಡಿದುಕೊಂಡಳು.

"ಏನು ನೋಡ್ತಾ ನಿಂತಿದ್ದೀಯಾ? ಮುಂದಿನ ಸಲ ಬಂತಲ್ಲ, ಹೋಗಿ ಹಿಡಿಕೆ ಹಿಡ್ಕೋ. ಬಿಡ್ಲಾ?"