ಸೂಪರ್‌ಹೀರೋ ಹಾಡಿಗೆ ಹಾಕಿದ ಅಂಕ

ಗಡಿಯಾಚೆ, ಮಹಾರಾಷ್ಟ್ರದ ನಿಲಂಗಾದ ಒಂದು ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಹಾಡಿನ ಸ್ಪರ್ಧೆಗೆ ನಾನು ತೀರ್ಪುಗಾರ್ತಿ. ಭಕ್ತಿಗೀತೆ ಮಾತ್ರ, ಸಿನಿಮಾ ಹಾಡಿದವರು ಹೊರಗೆ ಎಂಬ ನಿಯಮವೂ ನನ್ನದೇ. ಕಾನ್ವೆಂಟಿನಲ್ಲಿ ಓದಿದವಳು ನಾನು. ನಿಯಮ ಎಂದರೆ ನಿಯಮ.

ಒಂಬತ್ತನೆಯ ತರಗತಿಯ ಗೌರಿ, ಊರಿನಲ್ಲಿ ಪೂಜೆ ಮಾಡಿಸುವ ಅಯ್ಯನವರ ಮಗಳು, ಕಾಮಿಕ್ಸಿನ ಸೂಪರ್‌ಹೀರೋ ಕೆಂಪು ಶಾಲು ಬೀಸುತ್ತ ಹಾರಿ ಬರುವ ಸಿನಿಮಾ ಹಾಡು ಶುರುಮಾಡಿದಳು. ಮದುವೆ ಮೆರವಣಿಗೆಗಳಲ್ಲಿ ಡಿಜೆಯವರು ಹಾಕುವ ಹಾಡು ಅದು. ನಾನು ಪೆನ್ನಿನ ಮುಚ್ಚಳ ತೆಗೆದೆ.

ಮೊದಲ ನುಡಿ ಮುಗಿಸಿ ಹುಡುಗಿ ಉಸಿರು ತೆಗೆದುಕೊಂಡಳು. ವೀರಭದ್ರನನ್ನು ಹೊಗಳುವ ಒಡಪು ಹೇಳುವವರು ನಡುವೆ ನಿಂತಾಗ ಜೈಕಾರ ಕೂಗುವುದು ನಮ್ಮ ಕಡೆಯ ರೂಢಿ. ಅದೇ ರೂಢಿಯಲ್ಲಿ ಇಡೀ ಸಭೆ, "ಅಹಹಾ ರುದ್ರಾ! ಅಹಹಾ ದೇವಾ!" ಎಂದು ಗರ್ಜಿಸಿತು.

ಹಾಡು ಮುಗಿದ ಮೇಲೆ, "ಇದು ಸಿನಿಮಾ ಹಾಡು. ಹೊರಗೆ," ಎಂದೆ.

ಅಯ್ಯನವರು ಎದ್ದು ನಿಂತರು. "ಅಕ್ಕಾರ, ಎಲ್ಲಾರೂ ದೇವರ ಹೆಸರು ತಗೊಂಡಾರ. ಭಕ್ತಿ ಅಂದ್ರ ಇನ್ನೇನ್ರೀ?"

"ಜನ ಕೂಗಿದರೆ ಹಾಡು ಬದಲಾಗುವುದಿಲ್ಲ."

"ಜನರದು ಬಿಡ್ರೀ. ನೀವೂ ಕೂಗೀರಿ. ಮೈಕ್ ನಿಮ್ಮ ಮುಂದೇ ಇತ್ತು."

ಸಭೆ ನಕ್ಕಿತು. ಗೌರಿ ಮಾತ್ರ ನನ್ನ ಪೆನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎರಡನೆಯ ಬಹುಮಾನ ಬರೆದೆ. ಮೊದಲನೆಯದು ತಪ್ಪಿದ್ದು ಸೂಪರ್‌ಹೀರೋನಿಂದಲ್ಲ. ಹುಡುಗಿಯ ಶ್ರುತಿ ಎರಡು ಕಡೆ ಇಳಿದಿತ್ತು. ನನ್ನ ಕೂಗು ಶ್ರುತಿಯಲ್ಲೇ ಇತ್ತು.